ದಾರಿ ತಪ್ಪುವ ಮಾವ

ಚೆಂಡಿಯಾ ಊರಿನ ನಮ್ಮ ಪುನರ್ವಸತಿ ಕಾಲನಿಯ ತಿಮ್ಮು ದಿನಾ ಸಂಜೆ ಬೇಕೆಂದೇ ದಾರಿ ತಪ್ಪುತ್ತಾನೆ. ಯಾರೆದುರೂ ಬಾಯಿ ಬಿಡದ ತನ್ನ ತಂಗಿಯ ಮಗಳು ದೀಕ್ಷಾಳಿಗೆ ಧೈರ್ಯ ಬರಲೆಂದು ಅವನು ಹೂಡಿದ ಆಟ ಅದು. ನನ್ನ ಅಂಗಡಿಯ ಎದುರೇ ನಿಂತು, "ಅಂಗಡಿ ಎಲ್ಲದೆ ಮಗಾ? ನಂಗೆ ಗುತ್ತಿಲ್ಲ, ನೀನೇ ಕೇಳು" ಅನ್ನುತ್ತಾನೆ. "ಏ ತಿಮ್ಮು, ನಾ ಏನ್ ಗೊಂಬೆಯನಾ ಮಾರಾಯಾ?" ಎಂದು ರೇಗಿದರೆ ನಗುತ್ತಾನೆ. ಬಸ್ಸಿಗೆ ಕೈ ಮಾಡುವವಳೂ ಅವಳೇ. ಇವನು ಬೋರ್ಡು ಓದಲು ಬಾರದವನಂತೆ ಆಕಾಶ ನೋಡುತ್ತಾನೆ. ಮೊನ್ನೆ ಮಾತ್ರ ಅದು ಆಟವಾಗಿರಲಿಲ್ಲ. ನೌಕಾನೆಲೆಗೆಂದು ಸರಕಾರ ತೆಗೆದುಕೊಂಡ ಅವನ ಹಳೆ ಮನೆಯ ತಿರುವಿನಲ್ಲಿ ಕಾಲು ತಾನಾಗಿಯೇ ಹೊರಳಿತು; ನೆಲೆಯ ಗೋಡೆಯೆದುರು ಅವನು ನಿಂತುಬಿಟ್ಟ. ನಾನೂ ಜೊತೆಗಿದ್ದೆ. ದೀಕ್ಷಾಳೇ ಅವನ ಬೆರಳು ಹಿಡಿದೆಳೆದು, ಬೀದಿಗೆಲ್ಲ ಕೇಳುವಂತೆ ಹೇಳಿದಳು: "ಮಾಮಾ, ನಮ್ಮನೆ ಈ ಬದಿಗೆ. ಬಾ, ನಾ ಕರ್ಕಂಡು ಹೋಗ್ತೆ."