ಟ್ರೇಲರಿನ ಹಿಂಬದಿಯ ಭಾರ

ಹಣೆಬರಹವೂ ಅಲ್ಲ, ಮಣ್ಣಂಗಟ್ಟಿಯೂ ಅಲ್ಲ. ಟ್ರೇಲರಿನ ಹಿಂತುದಿಗೆ ಭಾರ ಹೇರಿದ್ದರಿಂದಲೇ ನಮ್ಮ ಚಾಳಿನ ಅಡುಗೆ ಭಟ್ಟರು ಸತ್ತರು. ಮದುವೆಯಡುಗೆಗೆ ಹೊರಟಾಗಲೆಲ್ಲ ಜೀಪಿಗೆ ಕಟ್ಟಿದ ಹಳೇ ಟ್ರೇಲರಿಗೆ ಪಾತ್ರೆಗಳನ್ನು ತುಂಬಿ, ಹೆಗಲ ಬೈರಾಸು ಕೊಡವಿ, "ಇನ್ನೊಂದು ಹಿಡೀತದೆ" ಎನ್ನುತ್ತಿದ್ದರು. ರುಬ್ಬುವ ಕಲ್ಲನ್ನು ಕೊನೆಗೆ, ತೀರಾ ಹಿಂದೆ ಇಡುತ್ತಿದ್ದರು.

ಬೊರಿವಲಿಯ ಮದುವೆಗೆ ಹೊರಟ ದಿನ, ಅವರ ಕೈಕೆಳಗೆ ಮಸಾಲೆ ಅರೆಯುತ್ತಿದ್ದ ನಾನು ಹೇಳಿದೆ: "ಭಟ್ರೇ, ಅಡಿಯ ಕಬ್ಬಿಣ ತುಕ್ಕು ಹಿಡಿದಿದೆ. ಕಲ್ಲು ನಡುವೆ ಇಡಿ."

"ಹೋದ ಕೂಡ್ಲೇ ಉದ್ದು ರುಬ್ಬಬೇಕು ಮಾರಾಯ್ತಿ. ನಡುವೆ ಇಟ್ರೆ ಪಾತ್ರೆಯೆಲ್ಲ ಇಳಿಸ್ಲಿಕ್ಕೆ ನಿನ್ನ ಗಂಡ ಬರ್ತಾನಾ?"

ನಗುತ್ತಲೇ ಕಲ್ಲಿನ ಪಕ್ಕ ಕುಳಿತರು. ಬಾಂದ್ರಾ ದಾಟುವ ಮೊದಲೇ ಟ್ರೇಲರಿನ ಚೌಕಟ್ಟು ಮುರಿಯಿತು. ಅವರು ರಸ್ತೆಗೆ ಬಿದ್ದರು. ಕಲ್ಲು ಅವರ ಎದೆಯ ಮೇಲೆ ಬಿತ್ತು.

ಬೊರಿವಲಿಯ ಮದುವೆ ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ಮೊದಲ ಲೋಕಲ್ ರೈಲು ಹಿಡಿದು ಹೋಗಿ, ಅವರ ಬದಲು ನಾನೇ ಒಲೆ ಹೊತ್ತಿಸಿದೆ.