ಸಂತೆಯ ದಿನದ ಡಾಕ್ಟರು

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಅರವತ್ತರ ದಶಕದಲ್ಲಿ ಹೊಳೆನರಸೀಪುರದ ಆಸ್ಪತ್ರೆಯಲ್ಲಿ ನರ್ಸಾಗಿದ್ದಾಗ ನನ್ನಿಂದ ಬೈಸಿಕೊಳ್ಳದವರೇ ಇರಲಿಲ್ಲ. ಹಳೇಕೋಟೆ ಕಡೆಯ ಬಂಡೆಯಲ್ಲಿ ಕಲ್ಲೊಡೆಯುವವರ ಗುಡಿಸಲುಗಳಿಗೆ ಹೋದ ದಿನವಂತೂ ಅದು ನೆತ್ತಿಗೇರಿತು. ಏಳೆಂಟು ವರ್ಷದ ಹುಡುಗಿಯೊಬ್ಬಳ ಸೊಂಟಕ್ಕೆ ಹಗ್ಗ ಬಿಗಿದು ಕಂಬಕ್ಕೆ ಕಟ್ಟಿದ್ದರು.

"ಏನ್ರೀ ಇದು? ಮಗೂನೋ ಕರೂನೋ?" ಎಂದು ತಾಯಿಯ ಮೇಲೆ ಹರಿಹಾಯ್ದೆ.

ಆಂಧ್ರದ ಕಡೆಯಿಂದ ಕೂಲಿಗೆ ಬಂದಿದ್ದ ಹೆಂಗಸು. ಕನ್ನಡ ಅಷ್ಟಕ್ಕಷ್ಟೇ. ಉತ್ತರ ಕೊಟ್ಟವನು ನಮ್ಮ ಸೀಮೆಯವನೇ ಆದ ಮೇಸ್ತ್ರಿ.

"ಬಯ್ಬೇಡಿ ಕಣಮ್ಮ. ಇದರಣ್ಣ ಕಲ್ಲು ಸಿಡಿದು ಸತ್ತೋದ. ಅವತ್ತಿಂದ ಇದು ಮಾತೇ ಆಡಾಕಿಲ್ಲ. ಬಂಡೆಗಿಟ್ಟ ಮದ್ದು ಸಿಡೀತು ಅಂದ್ರೆ ಎದ್ದು ಓಡ್ತದೆ. ಕಟ್ಟಾಕ್ದಿದ್ರೆ ಇದೂ ಸಾಯ್ತದೆ. ಬರೋ ಅಮಾಸೆಗೆ ಇವರಪ್ಪ ಯಾವ್ದೋ ಗುಡಿ ತಾವ ಬುಟ್ಟು ಬತ್ತಾನಂತೆ. ಅಲ್ಲಿ ಇಂಥೋರ್ನ ಸರಪಳಿ ಆಕಿ ಮಡಿಕ್ಕಂತಾರಂತೆ."

ಹಗ್ಗ ಹೋಗಿ ಸರಪಳಿ! ಅಮಾವಾಸ್ಯೆಯೊಳಗೆ ಏನಾದರೂ ಮಾಡಲೇಬೇಕು ಎಂದುಕೊಂಡೆ. ನಾನು ಹಿಡಿದರೆ ಉಡದ ಹಿಡಿತ.

ಹಾಸನದಲ್ಲಿ ಒಬ್ಬ ಡಾಕ್ಟರಿದ್ದರು. ಹಿಂದೆ ಬೆಂಗಳೂರಿನಲ್ಲಿ ಮನಸ್ಸು ಕೆಟ್ಟವರನ್ನು ನೋಡಿ ಪಳಗಿದವರು. ಕೋಲಾರದ ಕಡೆಯವರಾದ್ದರಿಂದ ತೆಲುಗೂ ಬರುತ್ತಿತ್ತು. ನಾನು ಹೋಗಿ ಕೇಳಿದಾಗ ಮಗುವನ್ನು ಕರೆತರಲು ಹೇಳಿದರು.

"ಅವರು ಬರೋಕಾಗಲ್ಲ ಸಾರ್. ಕೆಲಸ ಬಿಟ್ಟರೆ ಅವತ್ತಿನ ಗಂಜಿ ಇಲ್ಲ. ನೀವೇ ಬರಬೇಕು."

"ಡಾಕ್ಟರು ಹಳ್ಳಿ ಬಸ್ಸು ಹತ್ಕೊಂಡು ಹೋಗೋದಾ ನರ್ಸಮ್ಮ?"

"ಯಾಕೆ ಸಾರ್, ಕಂಡಕ್ಟರು ಬೇಡ ಅಂತಾನಾ?"

ನಕ್ಕು ಒಪ್ಪಿದರು. ಭಾನುವಾರ ಕರೆದೊಯ್ದೆ. ಗುಡಿಸಲುಗಳಲ್ಲಿ ನರಪಿಳ್ಳೆಯೂ ಇಲ್ಲ. ಹಗ್ಗ ಸಮೇತ ಮಗುವನ್ನೂ ತಾಯಿ ಕೆಲಸದ ಜಾಗಕ್ಕೆ ಕರೆದೊಯ್ದಿದ್ದಳು. ದಾರಿಯಲ್ಲಿ ಸಿಕ್ಕ ಮೇಸ್ತ್ರಿ ಬಿದ್ದು ಬಿದ್ದು ನಕ್ಕ.

"ಭಾನ್ವಾರ ನಿಮ್ಮ ಆಪೀಸಿಗೆ ರಜಾ ಕಣಮ್ಮ. ನಮಗೆ ರಜಾ ಸಂತೆ ದಿನ. ಊರಿಗೊಂದು ದಾರಿ ಆದ್ರೆ ಎಡವಟ್ಟಂಗೊಂದು ದಾರಿ ಅಂತಾರಲ್ಲ, ಅಂಗಾಯ್ತು!"

ಸರಿ, ಮುಂದಿನ ಸಂತೆಗೇ ಹೋದೆವು. ಈರುಳ್ಳಿ ಮಾರುವವಳ ಪಕ್ಕ, ಅರಳಿಮರದ ನೆರಳಲ್ಲಿ ಚಾಪೆ ಹಾಸಿ ಡಾಕ್ಟರನ್ನು ಕೂರಿಸಿದೆ. ಮೇಸ್ತ್ರಿಯ ಮಾತು ಕೇಳಿ ಅಪ್ಪ ಹಗ್ಗದ ತುದಿ ಹಿಡಿದು ಮಗುವನ್ನು ಕರೆತಂದ. ಜೊತೆಗೆ ತಾಯಿ. ಡಾಕ್ಟರು ತೆಲುಗಿನಲ್ಲಿ ಕೇಳುತ್ತಾ ನನಗೆ ಕನ್ನಡದಲ್ಲಿ ಹೇಳುತ್ತಿದ್ದರು.

"ಮದ್ದು ಸಿಡಿದಾಗ ಯಾವ ಕಡೆ ಓಡ್ತಾಳೆ?"

ಅಪ್ಪ ಹೇಳಿದ: "ಬಂಡೆ ಕಡೆಗೆ."

ಹೆದರಿದ ಮಗು ಸದ್ದು ಬಿಟ್ಟು ದೂರ ಓಡಬೇಕಲ್ಲವೇ? ಡಾಕ್ಟರು ಮುಂದಕ್ಕೆ ಬಾಗಿದರು. "ಅಣ್ಣ ಎಲ್ಲಿದ್ದಾನೆ ಅಂತ ಇವಳಿಗೆ ಹೇಳಿದ್ದೀರಿ?"

ನಿಜ ಹೇಳಿರಲಿಲ್ಲ. ಅವರ ಮನೆತನದಲ್ಲಿ ಮಕ್ಕಳಿಗೆ ಸಾವಿನ ಸುದ್ದಿ ಹೇಳುವುದಿಲ್ಲವಂತೆ. ಅಣ್ಣ ಊರಿಗೆ ಹೋಗಿದ್ದಾನೆ ಎಂದಿದ್ದರು. ಆದರೆ ಅವನು ಬಂಡೆ ಹತ್ತಿದ್ದನ್ನು ಈ ಹುಡುಗಿ ಕಣ್ಣಾರೆ ಕಂಡಿದ್ದಳು, ಇಳಿದು ಬಂದದ್ದನ್ನು ಕಂಡಿರಲಿಲ್ಲ. ಮದ್ದು ಸಿಡಿದಾಗಲೆಲ್ಲ ಅವನನ್ನು ಕರೆತರಲು ಓಡುತ್ತಿದ್ದಳು. ಅಯ್ಯೋ ನನ್ನ ಕಂದ!

"ನಾನಲ್ಲ, ನೀನೇ ಹೇಳಬೇಕು," ಎಂದರು ಡಾಕ್ಟರು ಅಪ್ಪನಿಗೆ.

ಅವನು ಕುಕ್ಕರಗಾಲಿನಲ್ಲಿ ಕುಳಿತು, ಮಗಳ ಮುಖ ಹಿಡಿದು ಹೇಳಿದ. ಅವಳು ಅವನ ಎದೆಗೆ ಗುದ್ದಿದಳು. ಮತ್ತೆ ಗುದ್ದಿದಳು. ಆಮೇಲೆ ಅಲ್ಲಿಯವರೆಗೆ ಬಾಯಿಯೇ ಬಿಡದಿದ್ದ ಮಗು ಸಂತೆಗೆಲ್ಲ ಕೇಳುವಂತೆ ಅತ್ತಿತು.

"ಯಾಕ್ರವ್ವಾ, ಆ ಮಗೀನ ಅಂಗೆ ಅಳಿಸ್ತೀರಿ?" ಎಂದಳು ಈರುಳ್ಳಿಯವಳು.

"ಅಳ್ಲಿ ಬಿಡಮ್ಮ! ಹಾಸನದಿಂದ ಡಾಕ್ಟರನ್ನ ಕರೆಸಿದ್ದೇ ಅದಕ್ಕೆ!" ಎಂದೆ. ನನ್ನ ಕಣ್ಣೂ ಒದ್ದೆಯಾಗಿತ್ತು.

ಅಪ್ಪ ಅಲ್ಲೇ ಹಗ್ಗ ಬಿಚ್ಚಿದ. ಅಮಾವಾಸ್ಯೆ ಬಂತು, ಹೋಯಿತು. ಗುಡಿಯ ಮಾತನ್ನು ಯಾರೂ ಎತ್ತಲಿಲ್ಲ. ಡಾಕ್ಟರು ಸಂತೆ ಸಂತೆಗೂ ಬಂದರು. ಅವರ ಕೆಲಸ ಚನ್ನರಾಯಪಟ್ಟಣದ ಕಡೆಗೆ ಸಾಗಿದಾಗ ಚಾಪೆಯೂ ಅಲ್ಲಿನ ಸಂತೆಗೆ ಸಾಗಿತು. ರೋಗಿಯ ಊರು ಬದಲಾದರೆ ಡಾಕ್ಟರ ಬಸ್ಸು ಬದಲಾಗಬೇಕು, ಅಷ್ಟೇ ತಾನೇ? ಬೇರೆ ಗುಡಿಸಲಿನವರೂ ಬರತೊಡಗಿದರು. ಹುಡುಗಿ ಒಂದೊಂದೇ ಮಾತು ಕಲಿತವಳಂತೆ ಆಡತೊಡಗಿದಳು, ಕನ್ನಡವನ್ನೂ ಸೇರಿಸಿ.

ಒಂದು ದಿನ ನಾನು ಅಲ್ಲಿದ್ದಾಗಲೇ ಬಂಡೆಯ ಮೇಲೆ ಮದ್ದು ಸಿಡಿಸುವ ಸೂಚನೆಗೆ ಕೆಂಪು ಬಾವುಟ ಏರಿತು. ಮೇಸ್ತ್ರಿ ಕೂಗು ಹಾಕಿದ. ಹುಡುಗಿ ಎದ್ದು ಓಡಿದಳು. ಹಿಡಿಯಲು ನಾನೂ ಎದ್ದೆ. ಅವಳು ಓಡಿದ್ದು ಜಲ್ಲಿ ಕುಟ್ಟುತ್ತಿದ್ದ ತಾಯಿಯ ಹತ್ತಿರ. ಹಿಂದಿನಿಂದ ಬಗ್ಗಿ, ಎರಡೂ ಕೈಗಳಿಂದ ತಾಯಿಯ ಕಿವಿ ಮುಚ್ಚಿದಳು.

"ಅಮ್ಮಂಗೆ ಭಯ," ಎಂದಳು ನನಗೆ.

ಮದ್ದು ಸಿಡಿಯಿತು. ಮಗ ಸತ್ತಾಗಲೂ ಕಣ್ಣೀರು ಹಾಕಲಿಲ್ಲ ಎಂದು ಮೇಸ್ತ್ರಿ ಹೇಳಿದ್ದ ಆ ಹೆಂಗಸು ಮಗಳ ಕೈಗಳ ನಡುವೆ ಗಡಗಡ ನಡುಗುತ್ತಿದ್ದಳು.

ಮುಂದಿನ ಸಂತೆಯಲ್ಲಿ ಹುಡುಗಿಯೇ ಅಮ್ಮನ ಕೈಹಿಡಿದು ತಂದು ಡಾಕ್ಟರ ಮುಂದೆ ಕೂರಿಸಿದಳು.