ಬಲಗಣ್ಣಿನ ಬಣ್ಣ

ಮೊನ್ನೆ ಚನ್ನಪಟ್ಟಣದ ಅಂಚೆ ಕಚೇರಿಯಲ್ಲಿ ಯಾರದೋ ಪಾರ್ಸೆಲ್ಲಿಗೆ ಅರಗು ಕರಗಿಸಿ ಮುದ್ರೆ ಒತ್ತುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಆಚೆಮನೆಯ ಚಾಚಾ ಕಣ್ಮುಂದೆ ಬಂದು ನಿಂತರು. ಮರದ ಗೊಂಬೆ ಕಡೆಯುತ್ತಿದ್ದವರು. ಕಡೆಯುವ ಯಂತ್ರದಲ್ಲಿ ಗಿರಗಿರನೆ ತಿರುಗುವ ಗೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಅದು ಬಿಸಿಗೆ ಕರಗಿ ಮೆತ್ತಿಕೊಳ್ಳುತ್ತಿತ್ತು. ಆ ಘಮ ಗೋಡೆ ದಾಟಿ ನಮ್ಮ ನಡುಮನೆಗೂ ಬರುತ್ತಿತ್ತು…

ಆಗ ನಾನು ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ದೃಶ್ಯ ಕಟ್ಟುವ ಕೆಲಸ ಹೊಸದಾಗಿ ಶುರುಮಾಡಿದ್ದೆ. ಇಲ್ಲದ ಕೋಣೆ, ಇಲ್ಲದ ದೀಪ, ಇಲ್ಲದ ಗೊಂಬೆ. ಎಲ್ಲವೂ ಫೋಟೋ ತೆಗೆದಂತೆ ಮೂಡಿಬರಬೇಕು. ಗೊಂಬೆ ಮಾರುವ ಕಂಪನಿಯೊಂದು ತನ್ನ ಕ್ಯಾಟಲಾಗಿಗೆ ಚಿತ್ರ ಕೇಳಿತ್ತು. ಎರಡು ಸಲ ಕಳಿಸಿದ್ದೆ. ಎರಡು ಸಲವೂ ‘ಪ್ಲಾಸ್ಟಿಕ್ ತರಹ ಕಾಣುತ್ತದೆ’ ಎಂದು ವಾಪಸಾಗಿತ್ತು. ಮೂರನೆಯದೇ ಕೊನೆಯ ಅವಕಾಶ.

ಅದೇ ವಾರ ಚಾಚಾಗೆ ಬಲಗಣ್ಣಿನ ಪೊರೆ ತೆಗೆದಿದ್ದರು. ಪಟ್ಟಿ ಬಿಚ್ಚಿದ ಬೆಳಗ್ಗೆ ಅಂಗಳದಲ್ಲಿ ನಿಂತು, ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆದು ಕೂಗಿದ್ದರು: “ಅರೆ ಬೇಟಿ, ನೀಲಿ ಇಷ್ಟೊಂದು ನೀಲಿ ಇತ್ತಾ! ಈ ಎಡಗಣ್ಣು ಇಷ್ಟು ವರ್ಷ ನಂಗೆ ಸುಳ್ಳು ಹೇಳ್ತಿತ್ತು ಕಣಮ್ಮ!” ಅಂದೇ, ಮೊದಲೇ ಕಡೆದಿಟ್ಟಿದ್ದ ಗೊಂಬೆಗಳನ್ನೆಲ್ಲ ಬಿಸಿಲಿಗೆ ಹರವಿ, ಅರ್ಧದಷ್ಟಕ್ಕೆ ಬಣ್ಣ ಕೆರೆದು ಹೊಸದಾಗಿ ಹಚ್ಚಲು ಕುಳಿತುಬಿಟ್ಟರು.

ನಾನು ಧೈರ್ಯಮಾಡಿ ಅವರನ್ನು ಕರೆದು ಪರದೆಯ ಮುಂದೆ ಕೂರಿಸಿದೆ. ಬಲಗಣ್ಣು, ಎಡಗಣ್ಣು, ಮತ್ತೆ ಬಲಗಣ್ಣು… ನಕ್ಕುಬಿಟ್ಟರು.

“ನನ್ ಆಪರೇಸನ್ ಆಗ್ದಿರೋ ಕಣ್ಣಲ್ಲಿ ನೋಡ್ದಂಗೈತೆ ನಿನ್ ಪಟ. ಎಲ್ಲಾ ಹಳ್ದಿ. ಬೆಳಕೂ ಸುರ್ದುಬುಟ್ಟಿದೀಯ, ಗೊಂಬೆ ಮೈಯೇ ಕಾಣಾಕಿಲ್ಲ.”

ಮನೆಗೆ ಹೋಗಿ ಬಣ್ಣ ಹಚ್ಚದ ಹಾಲೆಮರದ ಬುಗುರಿಯೊಂದನ್ನು ತಂದು ಕಿಟಕಿಯಲ್ಲಿಟ್ಟರು. ಇದರ ಬಿಳುಪು ಒಂದು ನಿನ್ನ ಪರದೆಗೆ ಬರಲಿ, ಉಳಿದ ಬಣ್ಣ ತಾನಾಗಿ ದಾರಿಗೆ ಬರುತ್ತದೆ ಎಂದರು. ನಾನು ದೃಶ್ಯದೊಳಗೂ ಅಂಥದೇ ಬುಗುರಿ ಮಾಡಿಟ್ಟು ಹಳದಿಯನ್ನು ಕಡಿಮೆ ಮಾಡುತ್ತಾ ಹೋದೆ. ಮರ ಮರದಂತಾಯಿತು. ಆಮೇಲೆ ಎಕ್ಸ್‌ಪೋಷರ್, ಅಂದರೆ ಚಿತ್ರದ ಒಟ್ಟು ಬೆಳಕು, ಇಳಿಸತೊಡಗಿದೆ.

“ಇನ್ನೊಸಿ ಇಳ್ಸು… ಇನ್ನೊಸಿ… ನಿಲ್ಸು!”

ತೊಡೆ ತಟ್ಟಿಕೊಂಡು ಎದ್ದೇ ನಿಂತರು. ಬೆಳಕಿಗೆ ಬಿಳಚಿಹೋಗಿದ್ದ ಕೆಂಪು ಗೊಂಬೆ ಈಗ ಕೆಂಪಗಿತ್ತು. ಅದರ ಕೆನ್ನೆಯ ಮೇಲೆ ತೆಳ್ಳನೆಯ ಒಂದೇ ಗೆರೆ ಬೆಳಕು, ಅರಗು ಹಚ್ಚಿದ ಗೊಂಬೆಯನ್ನು ಚಾಚಾ ತಾಳೆಗರಿಯಿಂದ ಉಜ್ಜಿದಾಗ ಬರುವ ಹೊಳಪೇ ಅದು. ನಾನೂ ಕಿರುಚಿಬಿಟ್ಟೆ. ನಾವಿಬ್ಬರೂ ಎಬ್ಬಿಸಿದ ಗಲಾಟೆಗೆ ಅಮ್ಮ ಒಲೆ ಆರಿಸಿ ಓಡಿಬಂದಳು.

ಚಿತ್ರ ಒಪ್ಪಿಗೆಯಾಯಿತು. ಆಮೇಲೆ ಪ್ರತಿ ಚಿತ್ರಕ್ಕೂ ಚಾಚಾ ಹಾಜರ್. ರಂಜಾನ್ ಮುಗಿಯಲಿ, ಎಡಗಣ್ಣೂ ಮಾಡಿಸಿಕೊಂಡು ಎಲ್ಲವನ್ನೂ ಇನ್ನೊಂದು ಸಲ ನೋಡುತ್ತೇನೆ ಎನ್ನುತ್ತಿದ್ದರು. ಹಬ್ಬಕ್ಕೆ ಮುಂಚೆಯೇ ಜ್ವರ ಹಿಡಿಯಿತು. ನಾಲ್ಕೇ ದಿನ…

ನಿನ್ನೆ ಹೊಸ ದೃಶ್ಯವೊಂದರಲ್ಲಿ, ಮಳೆ ನಿಂತ ಮೇಲಿನ ಬೆಳಕು ಹೇಗೋ ಹದಕ್ಕೆ ಬಂದುಬಿಟ್ಟಿತು. ಖುಷಿ ತಡೆಯಲಾರದೆ ಹಿತ್ತಲ ಗೋಡೆಯ ಬಳಿ ಓಡಿ, “ಚಾಚಾ!” ಎಂದು ಕೂಗಿಯೇಬಿಟ್ಟೆ. ಕೂಗಿದ ಮೇಲೆ ನೆನಪಾಯಿತು.

ಗೋಡೆಯಾಚೆ ಅವರ ಹೆಂಡತಿ ಒಗೆದ ಬಟ್ಟೆ ಹರವುತ್ತಿದ್ದರು. ಕೈಯಲ್ಲಿದ್ದ ಬಟ್ಟೆಯನ್ನು ತಂತಿಗೆ ಹಾಕಿ ನನ್ನತ್ತ ತಿರುಗಿದರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, “ತೋರ್ಸು ಬೇಟಿ, ನಾನ್ ಬಂದು ನೋಡ್ತೀನಿ” ಎಂದರು.